ಆರೋಗ್ಯ ಪ್ರಶ್ನೋತ್ತರ: ಬಿಗಿದರೆ ಸೊಂಟ ಸಣ್ಣಗಾಗುತ್ತದೆಯೇ?

ಪ್ರಶ್ನೆ: ನನಗೆ 26 ವರ್ಷ. ಇನ್ನೆರಡು ತಿಂಗಳಲ್ಲಿ ಮದುವೆ. ರಿಸೆಪ್ಷನ್‌ಗೆ ಲೆಹೆಂಗಾ ಹೊಲಿಯಲು ಕೊಟ್ಟಾಗಿದೆ. ಸೊಂಟ ಎರಡಿಂಚಾದರೂ ಇಳಿಯಬೇಕು ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಆನ್‌ಲೈನ್‌ನಲ್ಲಿ ವೇಸ್ಟ್ ಟ್ರೇನರ್ (ಸೊಂಟ ಬಿಗಿಯುವ ಪಟ್ಟಿ) ತರಿಸಿಕೊಂಡು ದಿನವಿಡೀ ಹಾಕಿಕೊಳ್ಳುತ್ತಿದ್ದೇನೆ. ಈಗ ಊಟವಾದ ಮೇಲೆ ಎದೆಯುರಿ, ಹುಳಿತೇಗು. ಬಲತೊಡೆಯ ಹೊರಭಾಗದಲ್ಲಿ ಜುಮುಜುಮು ಎನ್ನುತ್ತದೆ. ಮೈಗೆ ಹೊಂದಿಕೊಂಡ ಮೇಲೆ ಸರಿಹೋಗುತ್ತದೆಯೇ?
– ದಾವಣಗೆರೆ

ಉತ್ತರ: ಹೊಂದಿಕೊಳ್ಳಲಿ ಎಂದು ಕಾಯಬೇಡಿ, ಇವತ್ತೇ ಬಿಚ್ಚಿಡಿ. ಹೊಟ್ಟೆಯನ್ನು ಹೊರಗಿನಿಂದ ಅಮುಕಿದಾಗ ಜಠರದ ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ, ಅದೇ ನಿಮ್ಮ ಎದೆಯುರಿ. ತೊಡೆಯ ಹೊರಭಾಗದ ಚರ್ಮಕ್ಕೆ ಹೋಗುವ ನರವೊಂದು ಸೊಂಟದ ಮೂಳೆಯ ಪಕ್ಕದಲ್ಲೇ ಹಾದು ಇಳಿಯುತ್ತದೆ. ಬಿಗಿ ಪಟ್ಟಿ ಅದನ್ನು ಒತ್ತಿದರೆ ಜುಮುಜುಮು, ಉರಿ, ಒಮ್ಮೊಮ್ಮೆ ಮರಗಟ್ಟಿದ ಭಾವ. ಒತ್ತಡ ತಪ್ಪಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಕಾಲಿನಲ್ಲಿ ಬಲ ಕುಗ್ಗಿದಂತೆ ಅನಿಸಿದರೆ, ವೈದ್ಯರಿಗೆ ತೋರಿಸಿ.

ಇದರಿಂದ ಕೊಬ್ಬು ಕರಗುವುದಿಲ್ಲ. ಬಿಗಿದಿರುವಷ್ಟು ಹೊತ್ತು ಅದು ಅಕ್ಕಪಕ್ಕಕ್ಕೆ ಸರಿದಿರುತ್ತದೆ, ಅಷ್ಟೆ. ಸಂಜೆ ತೂಕದ ಯಂತ್ರದಲ್ಲಿ ಕಡಿಮೆ ತೋರಿಸಿದರೆ ಅದು ಬೆವರಿನ ಲೆಕ್ಕ, ಎರಡು ಲೋಟ ನೀರಿಗೆ ವಾಪಸು ಬರುತ್ತದೆ. ಮದುವೆಯ ದಿನ ಮೂರ್ನಾಲ್ಕು ಗಂಟೆ ಸಾಧಾರಣ ಶೇಪ್‌ವೇರ್ ಹಾಕಿಕೊಳ್ಳಲು ನನ್ನ ಅಡ್ಡಿಯಿಲ್ಲ. ಕುಳಿತಾಗ ಹೊಟ್ಟೆ ತುಂಬ ಉಸಿರು ಎಳೆದುಕೊಳ್ಳಲು ಆಗಬೇಕು. ಆಗದಿದ್ದರೆ ಒಂದು ಸೈಜ್ ದೊಡ್ಡದು ತನ್ನಿ. ಅದಕ್ಕೂ ಮೊದಲು ಟೈಲರ್ ಹತ್ತಿರ ಹೋಗಿ ಕೇಳಿ: ಅನುಭವಸ್ಥರಾದರೆ ಒಳಹೊಲಿಗೆಯಲ್ಲಿ ಎರಡಿಂಚು ಬಟ್ಟೆ ಬಿಟ್ಟೇ ಇರುತ್ತಾರೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ ದಾಸಿಯರು ಒಡತಿಯ ಕಾರ್ಸೆಟ್ (ಸೊಂಟ ಬಿಗಿಯುವ ಒಳಕವಚ) ದಾರ ಜಗ್ಗುವುದನ್ನು ನೋಡಿದ ಮಕ್ಕಳು, ಆ ಕಾಲದ ಹೆಂಗಸರು ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರಂತೆ, ನಿಜವಾ ಮಿಸ್ ಎಂದು ಕೇಳುತ್ತಾರೆ. ಕಾರ್ಸೆಟ್‌ನಿಂದ ನಿಜಕ್ಕೂ ಎಷ್ಟು ಹಾನಿಯಾಗುತ್ತಿತ್ತು?
– ಶಿವಮೊಗ್ಗ

ಉತ್ತರ: ಪಕ್ಕೆಲುಬಿನ ಕಥೆಗೆ ನಂಬುವಂಥ ದಾಖಲೆಯಿಲ್ಲ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಜಗತ್ತಿಗೆ ಗೊತ್ತಾಗಿದ್ದೇ 1846ರಲ್ಲಿ. ಶಸ್ತ್ರವೈದ್ಯ ಲಿಸ್ಟರ್ ತನ್ನ ನಂಜುನಿವಾರಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಗಾಯ ಕೀವಾಗಿ ಜನ ಸಾಯುತ್ತಿದ್ದ ಕಾಲದಲ್ಲಿ ಫ್ಯಾಷನ್ನಿಗಾಗಿ ಎದೆಗೂಡಿಗೆ ಚಾಕು ಹಾಕಿಸಿಕೊಳ್ಳುವಷ್ಟು ದಡ್ಡರು ಅವರಾಗಿರಲಿಲ್ಲ. ಹದಿನೇಳಿಂಚಿನ ಸೊಂಟ ‘ಗಾನ್ ವಿತ್ ದ ವಿಂಡ್’ ಕಾದಂಬರಿಯ ನಾಯಕಿಯದು. ಕಾರ್ಸೆಟ್‌ನ ಬೆನ್ನಿನ ಅಂಚುಗಳನ್ನು ಪೂರ್ತಿ ಕೂಡಿಸದೆ ನಡುವೆ ಜಾಗ ಬಿಟ್ಟೇ ಕಟ್ಟುವ ರೂಢಿಯಿತ್ತು. ಹಾಗಾಗಿ ಮ್ಯೂಸಿಯಮ್ಮಿನಲ್ಲಿರುವ ಕಾರ್ಸೆಟ್ ಅಳೆದು ಅದನ್ನು ತೊಟ್ಟವಳ ಸೊಂಟ ಅಷ್ಟೇ ಇತ್ತು ಎನ್ನುವಂತಿಲ್ಲ. ಮನೆಗೆಲಸದವರು, ಗಿರಣಿಯ ಕೂಲಿಯವರೂ ಅದನ್ನು ತೊಟ್ಟೇ ದುಡಿಯುತ್ತಿದ್ದರು. ಇಂದು ಬ್ರಾ ಮಾಡುವ ಕೆಲಸವನ್ನು ಅಂದು ಅದೇ ಮಾಡುತ್ತಿತ್ತು.

ಹಾನಿ ಇರಲಿಲ್ಲವೆಂದಲ್ಲ. ಯುರೋಪಿನಲ್ಲಿ 16ನೇ ಶತಮಾನದಿಂದಲೇ ಬಿಗಿ ಒಳಕವಚಗಳಿದ್ದವು. ಮುಂದೆ ಅವು ಸೆಟೆದು ನಿಲ್ಲಲೆಂದು ತಿಮಿಂಗಿಲದ ಬಾಯೊಳಗಿನ ಪಟ್ಟಿಗಳನ್ನು ಸೀಳಿ ತೂರಿಸತೊಡಗಿದರು. ಜನ ಅದನ್ನು ಮೂಳೆ ಎಂದರೂ ನಮ್ಮ ಉಗುರು ಆಗಿರುವ ಪದಾರ್ಥವೇ ಅದು. ದಾರ ಪೋಣಿಸುವ ತೂತುಗಳ ಸುತ್ತ ಬರೀ ಹೊಲಿಗೆ ಇದ್ದಷ್ಟು ಕಾಲ ಜಾಸ್ತಿ ಎಳೆದರೆ ಬಟ್ಟೆ ಹರಿಯುತ್ತಿತ್ತು. 1820ರ ದಶಕದ ಕೊನೆಗೆ ಲೋಹದ ಬಳೆಗಳು ಬಂದವು, ಆಮೇಲೆ ಎಷ್ಟು ಜಗ್ಗಿದರೂ ಬಟ್ಟೆ ತಡೆಯಿತು. ಹಿಂದೆಯೇ ಉಕ್ಕಿನ ಪಟ್ಟಿಗಳೂ ಬಂದವು.

ಜರ್ಮನಿಯ ಅಂಗರಚನಾ ತಜ್ಞ ಸೋಮೆರಿಂಗ್ 18ನೇ ಶತಮಾನದ ಕೊನೆಯಲ್ಲೇ ಬಿಗಿತದಿಂದ ಪಕ್ಕೆಲುಬುಗಳು ಒಳಸರಿಯುವ ಬಗ್ಗೆ ಚಿತ್ರಸಹಿತ ಪುಸ್ತಕ ಬರೆದಿದ್ದ. ಕೆಳಗಿನ ಪಕ್ಕೆಲುಬು ಒಳಕ್ಕೆ ಬಾಗಿದ ಅಸ್ಥಿಪಂಜರಗಳಿವೆ. ಶವಪರೀಕ್ಷೆಯಲ್ಲಿ ಲಿವರಿನ ಮೇಲೆ ಅಡ್ಡ ಕಚ್ಚು ಬಿದ್ದಿದ್ದನ್ನು ವೈದ್ಯರು ಬರೆದಿಟ್ಟಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಮಲಬದ್ಧತೆ, ಗರ್ಭಕೋಶ ಜಾರುವ ತೊಂದರೆ ಹೆಚ್ಚಾಗುವುದು, ಇವೆಲ್ಲ ಬಿಗಿತಕ್ಕೆ ತಕ್ಕಂತೆ ಆಗುವಂಥವೇ.

ಆದರೆ ನಮ್ಮ ವೃತ್ತಿಯವರು ಅಲ್ಲಿಗೆ ನಿಲ್ಲಲಿಲ್ಲ. ಕ್ಷಯ, ಕ್ಯಾನ್ಸರ್, ಬೆನ್ನುಡೊಂಕು, ಚಿತ್ತಚಾಂಚಲ್ಯ ಎಲ್ಲದಕ್ಕೂ ಕಾರ್ಸೆಟ್ಟೇ ಕಾರಣ ಎಂದರು. ಹದಿಹರೆಯದ ಹುಡುಗಿಯರು ಬಿಳಿಚಿಕೊಂಡು, ಸುಸ್ತಾಗಿ ಬೀಳುವ ಕಾಯಿಲೆಯೊಂದಕ್ಕೆ ಕ್ಲೋರೋಸಿಸ್ ಎಂದು ಹೆಸರಿಟ್ಟಿದ್ದರು. ಒಬ್ಬರು ಬಿಗಿ ಬಟ್ಟೆಯನ್ನು ಬೈದರು, ಇನ್ನೊಬ್ಬರು ವಿರಹವೇದನೆ ಎಂದರು. ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ. ಫ್ರಾನ್ಸಿನ ಬ್ಲೋ ಎಂಬ ವೈದ್ಯ 1830ರ ದಶಕದಲ್ಲೇ ಕಬ್ಬಿಣದ ಗುಳಿಗೆ ಕೊಟ್ಟು ವಾಸಿ ಮಾಡಿದ್ದ.

ನನಗೆ ಅದಕ್ಕಿಂತ ನಾಚಿಕೆ ತರಿಸುವುದು ಉಸಿರಾಟದ ವಿಷಯ. ಗಂಡಸರು ಹೊಟ್ಟೆಯಿಂದ ಉಸಿರಾಡುತ್ತಾರೆ, ಹೆಂಗಸರು ಎದೆಯಿಂದ, ಇದು ಹುಟ್ಟಿನಿಂದಲೇ ಬಂದ ಭೇದ ಎಂದು 19ನೇ ಶತಮಾನದಲ್ಲಿ ಪಾಠ ಹೇಳುತ್ತಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಲೀಲಿಯಾ ಮೋಷರ್ 1890ರ ದಶಕದಲ್ಲಿ ಇದನ್ನೇ ಪ್ರಬಂಧದ ವಿಷಯ ಮಾಡಿಕೊಂಡಳು. ಹೆಣ್ಣಿನ ವಪೆಯೂ ಗಂಡಸಿನದರಂತೆಯೇ ಕೆಲಸ ಮಾಡುತ್ತದೆ, ವ್ಯತ್ಯಾಸಕ್ಕೆ ಕಾರಣ ಉಡುಪು ಮತ್ತು ರೂಢಿ ಎಂದು ತೋರಿಸಿಕೊಟ್ಟಳು. ಹೆಣ್ಣಿನ ಹೊಟ್ಟೆಗೆ ಉಕ್ಕಿನ ಪಟ್ಟಿ ಕಟ್ಟಿಸಿ, ಅವಳ ಉಸಿರು ಮೇಲೆಯೇ ನಿಂತಿತೆಂದು ಅವಳನ್ನು ಹುಟ್ಟಾ ದುರ್ಬಲೆ ಎಂದವರು ಓದಿದವರೇ. ಮೋಷರ್ ಮುಂದೆ ತಾನೂ ವೈದ್ಯೆಯಾದಳು.

ತೊಟ್ಟರೆ ವೈದ್ಯರ ಬೈಗುಳ, ಬಿಟ್ಟರೆ ನಡತೆಯ ಮೇಲೆ ಮಾತು. ಲಂಡನ್ನಿನಲ್ಲಿ 1881ರಲ್ಲಿ ಹುಟ್ಟಿದ ರ‍್ಯಾಷನಲ್ ಡ್ರೆಸ್ ಸೊಸೈಟಿಯ ಮಹಿಳೆಯರು, ಒಳಉಡುಪಿನ ತೂಕ ಒಟ್ಟು ಏಳು ಪೌಂಡ್ ಮೀರಬಾರದು ಎಂದು ಕೇಳಿಕೊಂಡರು. ಅಂದರೆ ಮೂರು ಕಿಲೋ ದಾಟಿತು, ಅದೂ ಸುಧಾರಣೆಯ ನಂತರ! 20ನೇ ಶತಮಾನದ ಆರಂಭದಲ್ಲಿ ಹೊಟ್ಟೆಗೆ ಹಿತವೆಂದು ಹೊರಟ ‘ಆರೋಗ್ಯ ಕಾರ್ಸೆಟ್’ ಬಿಗಿಯುತ್ತಾ ಬಿಗಿಯುತ್ತಾ ಬೆನ್ನನ್ನೇ ಬಿಲ್ಲಾಗಿಸಿತು. 1914ರಲ್ಲಿ ಅಮೆರಿಕದಲ್ಲಿ ಬ್ರಾಗೆ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದ ನಂತರ ಎದೆ ಸೊಂಟ ಎರಡೂ ಕಾಣದ ಚಪ್ಪಟೆ ಮೈಕಟ್ಟು ಚಲಾವಣೆಗೆ ಬಂತು, 1947ರಲ್ಲಿ ವಸ್ತ್ರವಿನ್ಯಾಸಕ ಡಿಯೋರ್ ಮತ್ತೆ ಸಣ್ಣ ಸೊಂಟ ತಂದ.

ಈ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಹೇಳಿ. 1933ರಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಕೊಬ್ಬು ಕರಗಿಸುವುದೆಂದು ಪ್ರಚಾರವಾಯಿತು. ಸಂಶೋಧನೆ ನಡೆದದ್ದು, ನೋಡಿ, ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ. ತೆಳ್ಳಗಾಗಲು ಹೋದ ಹೆಂಗಸರಿಗೆ ಎಳೆ ವಯಸ್ಸಿನಲ್ಲೇ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. 1938ರಲ್ಲಿ ಅಮೆರಿಕ ಸರ್ಕಾರ ಅದು ಮನುಷ್ಯರ ಸೇವನೆಗೆ ಯೋಗ್ಯವಲ್ಲ ಎಂದಿತು. ಇಂದಿಗೂ ಆನ್‌ಲೈನ್‌ನಲ್ಲಿ ಕದ್ದು ಮಾರುತ್ತಾರೆ, ಇಂದಿಗೂ ಅದರಿಂದ ಸಾಯುವವರಿದ್ದಾರೆ. ‘ಫ್ಯಾಟ್ ಬರ್ನರ್’ ಪುಡಿ ತರಿಸುವ ಪಿಯುಸಿ ಹುಡುಗಿಯರಿಗೆ ಪಕ್ಕೆಲುಬಿನ ಕಥೆಗಿಂತ ಇದು ಗೊತ್ತಿರಬೇಕು. ಹಾಗೆಯೇ, ಏದುಸಿರು, ತಲೆಸುತ್ತು ಎಂದು ಹೇಳಿಕೊಂಡು ಬಂದ ಹುಡುಗಿಗೆ ಜೀನ್ಸ್ ಬಿಗಿಯಾಯಿತು ಎಂದು ಬೈದು ಕಳಿಸಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸಿಸೇರಿಯನ್ ಆಗಿ ಹನ್ನೆರಡು ದಿನ. ಹೊಟ್ಟೆ ಜೋತುಬೀಳುತ್ತದೆಂದು ಅತ್ತೆಯವರು ಹಳೆಯ ಸೀರೆಯಿಂದ ಗಟ್ಟಿಯಾಗಿ ಕಟ್ಟುತ್ತಾರೆ. ನೀರೂ ಹೆಚ್ಚು ಕುಡಿಯಬೇಡ ಅನ್ನುತ್ತಾರೆ. ಏನು ಮಾಡಲಿ?
– ಬಾಗಲಕೋಟೆ

ಉತ್ತರ: ಅತ್ತೆಯವರ ಕಾಳಜಿಯಲ್ಲಿ ಅರ್ಧ ಸರಿ ಇದೆ. ಸಿಸೇರಿಯನ್ ಆದವರಿಗೆ ಎದ್ದು ಓಡಾಡುವಾಗ, ಕೆಮ್ಮುವಾಗ ಹೊಟ್ಟೆಗೆ ಹದವಾದ ಆಸರೆ ಇದ್ದರೆ ನೋವು ಕಡಿಮೆ. ಕಟ್ಟಿನ ಒಳಗೆ ಅಂಗೈ ಸಲೀಸಾಗಿ ತೂರಬೇಕು. ಗಾಯ ಬೆವರಿ ಒದ್ದೆಯಾಗಬಾರದು, ಮಲಗುವಾಗ ಬಿಚ್ಚಬೇಕು. ತೀರಾ ಬಿಗಿದರೆ ಒತ್ತಡ ಕೆಳಗಿಳಿದು ಗರ್ಭಕೋಶ, ಮೂತ್ರಕೋಶವನ್ನು ಹೊತ್ತ ಸ್ನಾಯುಗಳಿಗೇ ಪೆಟ್ಟು. ಬಸುರಿನಲ್ಲಿ ಅಗಲಿದ ಹೊಟ್ಟೆಯ ಸ್ನಾಯುಗಳು ಕಟ್ಟಿನಿಂದ ಕೂಡುವುದಿಲ್ಲ, ಕಾಲ ಮತ್ತು ವ್ಯಾಯಾಮ ಬೇಕು. ವ್ಯಾಯಾಮ ಯಾವಾಗ ಶುರು ಮಾಡಬೇಕೆಂದು ನಿಮ್ಮ ಹೆರಿಗೆ ವೈದ್ಯರನ್ನು ಕೇಳಿ. ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ: ಬಾಯಾರಿದಾಗಲೆಲ್ಲ ಕುಡಿಯಿರಿ, ಬಿಸಿನೀರೇ ಆಗಲಿ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ ಆರು ತಿಂಗಳು ಬಿಡಬೇಡಿ.

ಪ್ರಶ್ನೆ: ನನಗೆ 61. ನಲವತ್ತು ವರ್ಷದಿಂದ ಲಂಗದ ಲಾಡಿ ಕಟ್ಟಿದ ಜಾಗ ಕಪ್ಪಾಗಿದೆ, ಬೇಸಗೆಯಲ್ಲಿ ತುರಿಕೆ. ಈಚೆಗೆ ಒಂದು ಕಡೆ ಸಣ್ಣ ಹುಣ್ಣು. ಅರಿಶಿನ ಹಚ್ಚಿದರೂ ಮಾಯುತ್ತಿಲ್ಲ.
– ಉಡುಪಿ

ಉತ್ತರ: ಕಪ್ಪು ಗುರುತು ಬಹಳ ಹೆಂಗಸರಲ್ಲಿ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಮಾಯದ ಹುಣ್ಣನ್ನು ಮಾತ್ರ ಬಿಡುವಂತಿಲ್ಲ. ಒಂದೇ ಜಾಗ ವರ್ಷಗಟ್ಟಲೆ ಉಜ್ಜಿ, ಬೆವರಿ, ಸುಲಿದರೆ ಅಪರೂಪಕ್ಕೆ ಅಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ಹಿರಿಯ ಮಹಿಳೆಯರ ವಿಷಯವನ್ನು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಒಬ್ಬರ ಹುಣ್ಣು ಒಂದೂವರೆ ವರ್ಷದಿಂದ ಇತ್ತು. ಅರಿಶಿನ ನಿಲ್ಲಿಸಿ, ಈ ವಾರವೇ ಚರ್ಮವೈದ್ಯರಿಗೆ ತೋರಿಸಿ. ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಎಂದರೆ ಒಪ್ಪಿಕೊಳ್ಳಿ, ಮರಗಟ್ಟುವ ಚುಚ್ಚುಮದ್ದು ಕೊಟ್ಟೇ ಮಾಡುತ್ತಾರೆ, ಅವತ್ತೇ ಮನೆಗೆ ಬರಬಹುದು. ಅಲ್ಲಿಯವರೆಗೆ ಲಾಡಿಯ ಬದಲು ಅಗಲವಾದ ಎಲಾಸ್ಟಿಕ್ ಪಟ್ಟಿಯ ಲಂಗ ಹೊಲಿಸಿಕೊಳ್ಳಿ, ಮನೆಯಲ್ಲಿರುವಾಗ ನೈಟಿ ಸಾಕು.