ಇಂಗ್ಲಿಷ್ ಶಬ್ದಗಳಲ್ಲಿ ಸಮಾಸ

ಅಮೃತಹಳ್ಳಿಯ ನೆರೆಯ ಜಕ್ಕೂರಿನಲ್ಲಿರುವ ವಿಮಾನದ ಬಯಲಿಗೆ ಏರೋಡ್ರೋಮ್ ಎಂದು ಹೆಸರು. ಗ್ರೀಕಿನಲ್ಲಿ ‘ಏರ್’ ಎಂದರೆ ಗಾಳಿ, ‘ಡ್ರೋಮೋಸ್’ ಎಂದರೆ ಓಟ ಅಥವಾ ಓಟದ ಬಯಲು. ಇದೇ ‘ಡ್ರೋಮ್’ ಬೇರೆ ಶಬ್ದಗಳ ಕೊನೆಯಲ್ಲಿಯೂ ಉಂಟು. ‘ಹಿಪ್ಪೋಸ್’ ಎಂದರೆ ಕುದುರೆ. ಆದ್ದರಿಂದ ಹಿಪ್ಪೋಡ್ರೋಮ್ ಎಂಬುದು ಕುದುರೆಗಳು ಓಡುವ ಬಯಲು. ‘ಪಾಲಿನ್’ ಎಂದರೆ ಮರಳಿ. ಕನಕ, ವಿಕಟಕವಿ ಎಂಬಂತೆ ಕೊನೆಯಿಂದ ಮರಳಿ ಓದಿದರೂ ಬದಲಾಗದ ಶಬ್ದವು ಪಾಲಿಂಡ್ರೋಮ್. ‘ಸಿನ್’ ಎಂದರೆ ಕೂಡಿ; ಒಟ್ಟಿಗೆ ಓಡಿಬರುವ ರೋಗಲಕ್ಷಣಗಳ ಕೂಟವೇ ಸಿಂಡ್ರೋಮ್.

ಇನ್ನು ಹಿಪ್ಪೋಪೊಟಮಸ್. ‘ಪೊಟಮೋಸ್’ ಎಂದರೆ ನದಿ. ಅಲ್ಲಿಗೆ ಅದು ನದಿಯ ಕುದುರೆ. ನಮ್ಮ ನೀರ್ಗುದುರೆಯೂ ಅದೇ ಅಲ್ಲವೆ? ‘ನೀರಿನ ಕುದುರೆ’ ಎಂದು ವಿಗ್ರಹಿಸಿ ತತ್ಪುರುಷವೆನ್ನುವಂತೆ ಇದನ್ನೂ ಬಿಡಿಸಬಹುದು.

ಆದರೆ ಕಿವಿಯೊಂದನ್ನೇ ನಂಬಲಾಗದು. ಸೋಗು ಎಂಬರ್ಥದ ಹಿಪಾಕ್ರಸಿಯಲ್ಲಿ ಕುದುರೆಯಿಲ್ಲ. ಅಲ್ಲಿರುವುದು ‘ಕೆಳಗೆ’ ಎಂಬರ್ಥದ ಬೇರೊಂದು ಮೂಲ. ಬರವಣಿಗೆಯಲ್ಲಿ ‘ಐ’ ಬದಲು ‘ವೈ’ ಇರುವುದೇ ಅದರ ಗುರುತು.

ಕೇಶಿರಾಜನು 13ನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೆಂದು ಒಂದು ಪ್ರಕರಣವನ್ನು ಮೀಸಲಿಟ್ಟನು. ನನ್ನಂತೆ ತಮ್ಮ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಮಿತ್ರರು ಇಂಗ್ಲಿಷ್ ನಿಘಂಟನ್ನು ಉರುಹೊಡೆದು ಬಳಲಬೇಕಾಗಿಲ್ಲ. ಕನ್ನಡ ಪಾಠದಲ್ಲಿ ಕಲಿತ ವಿಗ್ರಹವಾಕ್ಯವೇ ನಮ್ಮ ಕೈಯಲ್ಲಿರುವ ಕೀಲಿಕೈ.