ಸಾಲ್ಟ್ಸ್ ಗಿರಣಿಯ ಎರಡನೆಯ ಬಾಳು

ಯಂತ್ರವೊಂದು ಹಳೆಯದಾದರೆ ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಬಹುದು. ಇಲ್ಲವೆ ಕರಗಿಸಿ ಮತ್ತೊಂದನ್ನು ಎರಕ ಹೊಯ್ಯಬಹುದು. ಆದರೆ ಆ ಯಂತ್ರಗಳಿಗಾಗಿಯೇ ಕಟ್ಟಿದ ಕಾರ್ಖಾನೆಯ ಗತಿಯೇನು? ಕೆಲಸ ನಿಂತ ಮೇಲೂ ಅದು ಊರಿನ ನಡುವೆ ನಿಂತೇ ಇರುವುದು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಎಂದರೆ ೧೮೩೭ರಿಂದ ೧೯೦೧ರವರೆಗಿನ ಕಾಲದಲ್ಲಿ, ಕಟ್ಟಿದ ಅನೇಕ ನೂಲಿನ ಗಿರಣಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಬರಿದಾದುವು. ಕೆಲವನ್ನು ಕೆಡವಿದರು, ಕೆಲವು ಬೆಂಕಿಗೆ ತುತ್ತಾದುವು, ಕೆಲವು ಬೇರೊಂದು ಉದ್ಯೋಗವನ್ನು ಕಲಿತು ಬದುಕಿಕೊಂಡುವು. ಹೀಗೆ ಬದುಕಿಕೊಂಡ ಒಂದು ಗಿರಣಿಯನ್ನು ನಾವೀಗ ಪರಿಶೀಲಿಸೋಣ. ಹಳೆಯ ಕಟ್ಟಡವನ್ನು ಉಳಿಸುವುದು ಬರಿಯ ಗಾರೆಕೆಲಸವಲ್ಲ, ಅದಕ್ಕೊಂದು ಕೆಲಸವನ್ನು ಹುಡುಕಿಕೊಡುವುದೇ ಅದರ ತಿರುಳು ಎಂಬುದು ಇದರಿಂದ ತಿಳಿದುಬರುವುದು.

ಗಿರಣಿಯ ಹುಟ್ಟು

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿರುವ ಬ್ರಾಡ್‌ಫರ್ಡ್ ಉಣ್ಣೆಯ ಬಟ್ಟೆಗೆ ಹೆಸರಾದ ನಗರ. ೧೮೦೧ರಲ್ಲಿ ಅಲ್ಲಿ ಸುಮಾರು ೧೩,೦೦೦ ಜನರಿದ್ದರು. ೧೮೫೧ರ ವೇಳೆಗೆ ಆ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಜನ ಬಂದಷ್ಟು ಬೇಗ ಮನೆಗಳಾಗಲಿ ಚರಂಡಿಗಳಾಗಲಿ ಬರಲಿಲ್ಲ. ಗಿರಣಿಗಳ ಹೊಗೆ ಆಕಾಶವನ್ನು ಮುಚ್ಚಿತು. ಕೊಳೆಯೆಲ್ಲ ಹಳ್ಳಕ್ಕೆ ಸೇರಿತು. ೧೮೪೯ರಲ್ಲಿ ಕಾಲರಾ ಬೇನೆ ಹಬ್ಬಿ ಅನೇಕರು ಸತ್ತರು.

ಆ ಕಾಲದಲ್ಲಿ ನಗರದ ಮೇಯರ್ ಆಗಿದ್ದವನು ಟೈಟಸ್ ಸಾಲ್ಟ್. ದಕ್ಷಿಣ ಅಮೆರಿಕದ ಅಲ್ಪಾಕ ಎಂಬ ಪ್ರಾಣಿಯ ನುಣುಪಾದ ಉಣ್ಣೆಯನ್ನು ಯಂತ್ರದಿಂದ ನೂಲುವ ಬಗೆಯನ್ನು ಸಾಧಿಸಿ ಐಶ್ವರ್ಯವಂತನಾದವನು. ನಗರದಲ್ಲಿ ಬೇರೆ ಬೇರೆಯಾಗಿ ಹರಡಿದ್ದ ತನ್ನ ಗಿರಣಿಗಳನ್ನು ಒಂದೇ ಕಡೆಗೆ ತರಬೇಕೆಂದು ಅವನು ಊರ ಹೊರಗೆ, ಏರ್ ನದಿಯ ಕಣಿವೆಯಲ್ಲಿ ನೆಲವನ್ನು ಕೊಂಡನು. ಅಲ್ಲಿ ನದಿಯೂ ಕಾಲುವೆಯೂ ರೈಲುಹಾದಿಯೂ ಒಂದರ ಪಕ್ಕದಲ್ಲೊಂದು ಹಾದುಹೋಗುತ್ತವೆ. ಹೀಗಾಗಿ ನೀರು, ಕಲ್ಲಿದ್ದಲು, ಉಣ್ಣೆ ಇವೆಲ್ಲ ಬಾಗಿಲಿಗೇ ಬರುವಂತಾಯಿತು. ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಕಟ್ಟಡದ ನಕ್ಷೆಯನ್ನು ತಯಾರಿಸಿದರು; ಹೆಸರಾಂತ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಯಂತ್ರಗಳ ಏರ್ಪಾಡನ್ನು ವಹಿಸಿಕೊಂಡನು. ೧೮೫೩ರ ಸೆಪ್ಟೆಂಬರ್ ೨೦ರಂದು, ಸಾಲ್ಟನ ಐವತ್ತನೆಯ ಹುಟ್ಟುಹಬ್ಬದ ದಿನ, ಗಿರಣಿ ಆರಂಭವಾಯಿತು. ಮುಖ್ಯ ಕಟ್ಟಡದ ಉದ್ದ ೫೪೫ ಅಡಿ. ಅದಕ್ಕೆ ಆರು ಅಂತಸ್ತು. ನೇಯ್ಗೆಯ ಶಾಲೆಯಲ್ಲಿ ೧,೨೦೦ ಮಗ್ಗಗಳಿದ್ದು, ದಿನಕ್ಕೆ ೩೦,೦೦೦ ಗಜ ಬಟ್ಟೆಯನ್ನು ನೇಯುವ ಶಕ್ತಿ ಅದಕ್ಕಿತ್ತು. ಕೆಲಸಗಾರರಿಗಾಗಿ ಸುತ್ತಲೂ ೮೦೦ಕ್ಕೂ ಹೆಚ್ಚು ಕಲ್ಲುಮನೆಗಳು, ಆಸ್ಪತ್ರೆ, ಶಾಲೆ, ಉದ್ಯಾನ ಕ್ರಮವಾಗಿ ಎದ್ದುವು. ಒಡೆಯನ ಹೆಸರೂ ನದಿಯ ಹೆಸರೂ ಕೂಡಿ ಆ ಊರು ಸಾಲ್ಟೇರ್ ಎನಿಸಿಕೊಂಡಿತು.

ಗೋಡೆಯೊಳಗಿನ ವಿಜ್ಞಾನ

ಹಿಂದಿನ ಗಿರಣಿಗಳಲ್ಲಿ ಮರದ ತೊಲೆಗಳ ಮೇಲೆ ಮರದ ಹಲಗೆಯ ನೆಲವಿರುತ್ತಿತ್ತು. ಯಂತ್ರಗಳಿಂದ ತೊಟ್ಟಿಕ್ಕಿದ ಎಣ್ಣೆ ಹಲಗೆಗೆ ಇಂಗುತ್ತಿತ್ತು. ಗಾಳಿಯ ತುಂಬ ಉಣ್ಣೆಯ ಧೂಳು. ಬೆಳಕಿಗೆ ಉರಿಯುವ ದೀಪ. ಕಿಡಿಯೊಂದು ಬಿದ್ದರೆ ಸಾಕು, ಇಡೀ ಗಿರಣಿ ಬೂದಿಯಾಗುತ್ತಿತ್ತು. ಆದುದರಿಂದಲೇ ಎಂಜಿನಿಯರುಗಳು ಮರದ ಬದಲು ಎರಕದ ಕಬ್ಬಿಣದ ಕಂಬಗಳನ್ನೂ ತೊಲೆಗಳನ್ನೂ ನಿಲ್ಲಿಸಿ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಕಮಾನುಗಳನ್ನು ಕಟ್ಟಿ, ಅದರ ಮೇಲೆ ನೆಲವನ್ನು ಹಾಸತೊಡಗಿದರು. ಸಾಲ್ಟ್ಸ್ ಗಿರಣಿಯೂ ಈ ಬಗೆಯದು.

ಎರಕದ ಕಬ್ಬಿಣಕ್ಕೆ ಒಂದು ವಿಚಿತ್ರ ಗುಣವುಂಟು. ಅದನ್ನು ಅದುಮಿದರೆ ಬಹಳ ಭಾರವನ್ನು ತಡೆಯುತ್ತದೆ. ಎಳೆದರೆ ಅದರ ಕಾಲುಭಾಗಕ್ಕೂ ಕಡಿಮೆ ಬಲಕ್ಕೆ ಮುರಿದುಬೀಳುತ್ತದೆ. ಕಂಬದ ಮೇಲೆ ಬೀಳುವುದು ಬಹುಮಟ್ಟಿಗೆ ಅದುಮುವ ಬಲವೇ ಆದುದರಿಂದ ಕಂಬಕ್ಕೆ ಅದು ತಕ್ಕುದು. ತೊಲೆಯ ವಿಷಯ ಹಾಗಲ್ಲ. ಭಾರ ಬಿದ್ದು ತೊಲೆ ಬಾಗಿದಾಗ ಅದರ ಮೇಲಂಚು ಅದುಮಿಕೊಳ್ಳುತ್ತದೆ, ಕೆಳಗಿನ ಅಂಚು ಹಿಗ್ಗುತ್ತದೆ. ಕೆಳಗಿನ ಅಂಚನ್ನು ಮೇಲಂಚಿಗಿಂತ ಬಹಳ ದಪ್ಪವಾಗಿ ಎರಕ ಹೊಯ್ದರೆ ಅಷ್ಟೇ ಕಬ್ಬಿಣದಿಂದ ಹೆಚ್ಚು ಬಲ ದೊರೆಯುವುದೆಂಬುದನ್ನು ಈಟನ್ ಹಾಡ್ಜ್‌ಕಿನ್ಸನ್ ಎಂಬ ವಿಜ್ಞಾನಿ ೧೮೩೦ರ ಸುಮಾರಿನಲ್ಲಿ, ಫೇರ್‌ಬೇರ್ನನ ನೆರವಿನಿಂದಲೇ, ಪ್ರಯೋಗಗಳ ಮೂಲಕ ತೋರಿಸಿದನು.

ಈ ರಚನೆಯ ಫಲವೇನು? ಒಳಗೆ ಅಡ್ಡಗೋಡೆಗಳು ಬೇಕಿಲ್ಲ. ನೆಲ ಸಾಲುಸಾಲು ಯಂತ್ರಗಳ ಭಾರವನ್ನೂ ಅದುರನ್ನೂ ಹೊರಬಲ್ಲುದು. ವಿದ್ಯುದ್ದೀಪವಿಲ್ಲದ ಕಾಲವಾದುದರಿಂದ ಕಿಟಕಿಗಳು ಎತ್ತರವಾಗಿರುವುವು. ಇವೆಲ್ಲ ನೂಲುವವರಿಗಾಗಿ ಮಾಡಿದ ಅನುಕೂಲಗಳು. ಆದರೆ ವಿಶಾಲವಾದ, ಗಟ್ಟಿಯಾದ, ಬೆಳಕು ತುಂಬಿದ ಕೋಣೆ ಯಾರಿಗೆ ತಾನೆ ಬೇಡ? ಗಿರಣಿಯ ಎರಡನೆಯ ಬಾಳಿಗೆ ಬೇಕಾದ ಬಂಡವಾಳ ಅದರ ಮೊದಲನೆಯ ಬಾಳಿನಲ್ಲೇ ಕೂಡಿಬಂದಿತ್ತು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಕಬ್ಬಿಣ ಉರಿಯದಿದ್ದರೂ ಬೆಂಕಿಗೆ ಅಂಜದ ವಸ್ತುವೇನಲ್ಲ. ಕಾದ ಎರಕದ ಕಂಬದ ಮೇಲೆ ತಣ್ಣೀರು ಬಿದ್ದರೆ ಅದು ಬಿರಿಯಬಹುದು. ಎರಕದೊಳಗೆ ಗಾಳಿಯ ಗುಳ್ಳೆಗಳು ಅಡಗಿರುವುದೂ ಉಂಟು. ಆದುದರಿಂದ ಹಳೆಯ ಗಿರಣಿಗೆ ಹೊಸ ಭಾರವನ್ನು ಹೊರಿಸುವ ಮುನ್ನ ಕಂಬಕಂಬವನ್ನೂ ಪರೀಕ್ಷಿಸಬೇಕಾಗುವುದು.

ಮುಪ್ಪು ಬರುವ ಬಗೆ

ಬಳಕೆಯಲ್ಲಿರುವ ಕಟ್ಟಡಕ್ಕಿಂತ ಬರಿದಾದ ಕಟ್ಟಡ ಬೇಗ ಹಾಳಾಗುವುದು ಏಕೆ? ಇದಕ್ಕೆ ಮುಖ್ಯ ಕಾರಣ ನೀರು. ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿತೆನ್ನಿ. ಜನರಿದ್ದರೆ ಅದನ್ನು ಅಂದೇ ತೆಗೆದುಹಾಕುವರು. ಜನರಿಲ್ಲದಿದ್ದರೆ ಮಳೆನೀರು ಗೋಡೆಯೊಳಕ್ಕೆ ಇಳಿಯುವುದು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ೯ರಷ್ಟು ಹಿಗ್ಗುವುದಷ್ಟೆ. ಚಳಿಗಾಲದಲ್ಲಿ ಆ ಹಿಗ್ಗುವಿಕೆಯೇ ಕಲ್ಲನ್ನು ಸೀಳುವುದು. ತೇವ ತಾಗಿದ ಮರಕ್ಕೆ ಬೂಷ್ಟು ಹತ್ತುವುದು. ಗೋಡೆಯಲ್ಲಿ ಹುದುಗಿದ ಕಬ್ಬಿಣ ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಸುತ್ತಲಿನ ಕಲ್ಲು ಒಡೆಯುವುದು. ಕಾವಲಿಲ್ಲದ ಮನೆಗೆ ಬೆಂಕಿಯ ಭಯವೂ ಉಂಟು. ಬ್ರಾಡ್‌ಫರ್ಡ್‌ಗೆ ಸಮೀಪದ ಕೀತ್ಲಿ ಪಟ್ಟಣದಲ್ಲಿ ಡಾಲ್ಟನ್ ಗಿರಣಿ ಎಂಬ ವಿಕ್ಟೋರಿಯಾ ಕಾಲದ ಕಟ್ಟಡದ ಬಹುಭಾಗ ೨೦೨೨ರಲ್ಲಿ ಬೆಂಕಿಗೆ ಆಹುತಿಯಾಯಿತು.

ದುರಸ್ತಿಗೂ ತಿಳಿವಳಿಕೆ ಬೇಕು. ಹಳೆಯ ಗೋಡೆಗಳನ್ನು ಸುಣ್ಣದ ಗಾರೆಯಿಂದ ಕಟ್ಟಿದ್ದಾರೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಗೋಡೆಯ ತೇವ ಅದರ ಮೂಲಕ ಹೊರಬಿದ್ದು ಆರುತ್ತದೆ. ಬಿರುಕುಗಳಿಗೆ ಗಟ್ಟಿಯಾದ ಸಿಮೆಂಟನ್ನು ತುಂಬಿದರೆ ತೇವ ಕಲ್ಲಿನಲ್ಲೇ ಸೆರೆಯಾಗಿ, ಕಲ್ಲಿನ ಮುಖವೇ ಹಕ್ಕಳೆಯಾಗಿ ಉದುರುವುದು. ಬಲವಾದ ವಸ್ತುವೇ ಉತ್ತಮವಾದ ವಸ್ತುವಲ್ಲ. ಹೊಂದಿಕೊಳ್ಳುವ ವಸ್ತು ಉತ್ತಮ.

ಎರಡನೆಯ ಬಾಳು

ಸಾಲ್ಟ್ಸ್ ಗಿರಣಿಯಲ್ಲಿ ನೇಯ್ಗೆ ೧೯೮೬ರಲ್ಲಿ ನಿಂತಿತು. ಇಷ್ಟು ದೊಡ್ಡ ಕಟ್ಟಡವನ್ನು ಯಾರು ತಾನೆ ಕೊಳ್ಳುವರು ಎಂಬ ಶಂಕೆ ಹುಟ್ಟಿತು. ೧೯೮೭ರಲ್ಲಿ ಬ್ರಾಡ್‌ಫರ್ಡಿನವನೇ ಆದ ಜೊನಾಥನ್ ಸಿಲ್ವರ್ ಎಂಬ ವ್ಯಾಪಾರಿ ಅದನ್ನು ಕೊಂಡುಕೊಂಡನು. ಅವನು ಇಡೀ ಗಿರಣಿಯನ್ನು ಒಮ್ಮೆಗೇ ಹೊಸದು ಮಾಡಲು ಹೊರಡಲಿಲ್ಲ. ಅದೇ ವರ್ಷ ನೆಲದಂತಸ್ತಿನ ಒಂದು ಕೋಣೆಯನ್ನು ಶುಚಿಮಾಡಿ, ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಪ್ರಸಿದ್ಧ ಚಿತ್ರಕಾರ ಡೇವಿಡ್ ಹಾಕ್ನಿಯ ಕೃತಿಗಳನ್ನು ಅಲ್ಲಿ ತೂಗುಹಾಕಿದನು. ಗಿರಣಿ ಹುಟ್ಟಿದ ವರ್ಷದ ನೆನಪಿಗೆ ಆ ಚಿತ್ರಶಾಲೆಗೆ '೧೮೫೩' ಎಂದೇ ಹೆಸರಾಯಿತು. ಅನಂತರ ಅಂಗಡಿಗಳು, ಪುಸ್ತಕಶಾಲೆ, ಉಪಾಹಾರಗೃಹ ಬಂದುವು. ಉಪಗ್ರಹದ ಪ್ರಸಾರವನ್ನು ಹಿಡಿಯುವ ಉಪಕರಣಗಳ ಕಂಪನಿಯೊಂದು ಬಹುಕಾಲ ಅಲ್ಲಿ ನೆಲೆಸಿತ್ತು. ೧೯೬೫ರಲ್ಲಿ ಮುಚ್ಚಿದ್ದ ಊರಿನ ರೈಲುನಿಲ್ದಾಣ ೧೯೮೪ರಲ್ಲೇ ಮತ್ತೆ ತೆರೆದಿದ್ದುದು ಬರುವವರಿಗೆ ಅನುಕೂಲವಾಯಿತು. ಸಿಲ್ವರ್ ೧೯೯೭ರಲ್ಲಿ ತೀರಿಕೊಂಡನು; ಅವನು ಹಾಕಿದ ಹಾದಿ ಮುಂದುವರಿಯಿತು. ೨೦೦೧ರಲ್ಲಿ ಯುನೆಸ್ಕೋ ಸಂಸ್ಥೆ ಸಾಲ್ಟೇರನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ೨೦೨೨ರಲ್ಲಿ ಹಾಕ್ನಿಯ ೯೦ ಮೀಟರ್ ಉದ್ದದ ಒಂದು ಚಿತ್ರವನ್ನು ಗಿರಣಿಯ ಮಾಳಿಗೆಯಲ್ಲಿ ಪ್ರದರ್ಶಿಸಿದರು. ಅಷ್ಟುದ್ದದ ಕೋಣೆ ಎಷ್ಟು ಕಡೆ ದೊರಕೀತು?

ಇದೊಂದೇ ಮಾರ್ಗವೆಂದು ಭಾವಿಸಬಾರದು. ಬ್ರಾಡ್‌ಫರ್ಡಿನ ಲಿಸ್ಟರ್ ರೇಷ್ಮೆ ಗಿರಣಿ ೧೯೯೨ರಲ್ಲಿ ಮುಚ್ಚಿತು. ಈ ಶತಮಾನದಲ್ಲಿ ಅದನ್ನು ವಾಸದ ಮನೆಗಳನ್ನಾಗಿ ಮಾರ್ಪಡಿಸಿದರು. ಕಟ್ಟಡದ ಗುಣಕ್ಕೂ ಊರಿನ ಅವಶ್ಯಕತೆಗೂ ತಕ್ಕಂತೆ ಕೆಲಸವನ್ನು ಆರಿಸಬೇಕು.

ಲಾಭನಷ್ಟಗಳ ಲೆಕ್ಕ

ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದೇ ಸುಲಭವೆಂದು ಕೆಲವರು ವಾದಿಸುವರು. ಆದರೆ ಇಟ್ಟಿಗೆಯನ್ನು ಸುಡಲು, ಕಬ್ಬಿಣವನ್ನು ಕರಗಿಸಲು ಅಪಾರ ಇಂಧನ ಬೇಕು. ಸಿಮೆಂಟಿನ ಕುಲುಮೆಯ ಶಾಖ ಸುಮಾರು ೧,೪೫೦ ಡಿಗ್ರಿ ಸೆಂಟಿಗ್ರೇಡ್. ನಿಂತಿರುವ ಗೋಡೆಗೆ ಆ ಇಂಧನವನ್ನು ನಮ್ಮ ಹಿರಿಯರು ಆಗಲೇ ವೆಚ್ಚಮಾಡಿದ್ದಾರೆ. ಅದನ್ನು ಕೆಡವುವುದೆಂದರೆ ಆ ವೆಚ್ಚವನ್ನು ಮಣ್ಣುಪಾಲು ಮಾಡಿ ಮತ್ತೊಮ್ಮೆ ಅಷ್ಟೇ ಹೊಗೆಯನ್ನು ಆಕಾಶಕ್ಕೆ ಬಿಟ್ಟಂತೆ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನಾವು ಮರೆಯಬಾರದು. ಗಿರಣಿ ಉಳಿಯಿತು; ನೂಲುವವರ, ನೇಯುವವರ ಉದ್ಯೋಗ ಉಳಿಯಲಿಲ್ಲ. ಚಿತ್ರಶಾಲೆಯಾಗಲಿ ಪುಸ್ತಕದ ಅಂಗಡಿಯಾಗಲಿ ಸಾವಿರಾರು ಮಗ್ಗದವರಿಗೆ ಕೆಲಸ ಕೊಡಲಾರದು. ಊರಿಗೆ ಹೆಸರು ಬಂದೊಡನೆ ಮನೆಯ ಬೆಲೆ ಬಾಡಿಗೆಗಳು ಏರುವುದೂ, ಕಡಿಮೆ ಸಂಪಾದನೆಯವರು ದೂರ ಸರಿಯಬೇಕಾಗುವುದೂ ಹಲವು ನಗರಗಳ ಅನುಭವ. ಆದುದರಿಂದ ಪುನರುಜ್ಜೀವನದ ಯಶಸ್ಸನ್ನು ಅಳೆಯುವಾಗ ಗೋಡೆ ಎಷ್ಟು ಹೊಳೆಯುತ್ತಿದೆ ಎಂದು ನೋಡಿದರೆ ಸಾಲದು. ಆ ಗೋಡೆಯ ನೆರಳಿನಲ್ಲಿ ಹಿಂದಿನಿಂದ ಬಾಳಿದವರು ಈಗಲೂ ಬಾಳುತ್ತಿರುವರೇ, ಅವರ ಮಕ್ಕಳಿಗೆ ಅಲ್ಲಿ ದುಡಿಮೆಯುಂಟೇ ಎಂದೂ ಕೇಳಬೇಕು.

ನಮ್ಮ ಊರುಗಳಲ್ಲಿಯೂ ಹೊಗೆ ನಿಂತ ಗಿರಣಿಗಳೂ ಹಳೆಯ ಉಗ್ರಾಣಗಳೂ ಇವೆ. ವಿದ್ಯಾರ್ಥಿಗಳು ಅಂಥ ಒಂದನ್ನು ಕಂಡಾಗ ಹೊರಗಿನಿಂದಲೇ ನಿಂತು ನೋಡಲಿ: ಭಾರ ಯಾವ ದಾರಿಯಿಂದ ನೆಲಕ್ಕಿಳಿಯುತ್ತಿದೆ? ನೀರು ಎಲ್ಲಿ ಒಳಹೊಗುತ್ತಿದೆ? ಈ ಕೋಣೆಗಳಿಂದ ಇಂದು ಯಾರಿಗೆ ಪ್ರಯೋಜನವಾದೀತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದವರಿಗೆ, ಕೆಡವಬೇಕೇ ಉಳಿಸಬೇಕೇ ಎಂಬ ನಾಲ್ಕನೆಯ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಕಷ್ಟವಾಗದು.