ಮೀನಿನ ಮೈಮೇಲೆ ಗಾಯ ಕಂಡರೆ ಮೊದಲು ನೀರು ಅಳೆಯಿರಿ

ಚಳಿ ಬಿದ್ದೊಡನೆ ಮಾಕಣಿ, ಉಮರ್ಗಾ, ನಿಲಂಗಾ ಕಡೆಯ ಶೇತತಳೆಗಳಿಂದ, ಅಂದರೆ ಕೃಷಿ ಹೊಂಡಗಳಿಂದ, ಒಂದೇ ದೂರು: ಕಾಟ್ಲಾ, ರೋಹು ಮೈಮೇಲೆ ಕೆಂಪು ಗಾಯ. ದೂರು ಬರುವ ಹೊತ್ತಿಗೆ ರೈತ ಆಗಲೇ ಔಷಧ ಸುರಿದಿರುತ್ತಾನೆ. ಗಾಯದಿಂದ ಸಾಯದೆ ಉಳಿದ ಮೀನು ಔಷಧದಿಂದ ಸಾಯುತ್ತದೆ.

ಗಾಯ ಎಲ್ಲವೂ ರೋಗವಲ್ಲ. ಬಲೆ ಎಳೆದ ಮರುದಿನ ಹುರುಪೆ ಕಿತ್ತು ಮೈ ಕೆಂಪಾಗಿದ್ದರೆ ಅದು ಬಲೆಯ ಪೆಟ್ಟು. ಬೆನ್ನ ಮೇಲೆ ಚುಚ್ಚಿದ ಗುರುತಿದ್ದರೆ ನೀರುಕಾಗೆ ಅಥವಾ ಬಕ. ಮೀನು ಬದಿಗೆ ಮೈ ಉಜ್ಜುತ್ತಿದ್ದು, ಚಪ್ಪಟೆ ಹೇನು ಅಂಟಿದ್ದು ಕಂಡರೆ ಅದು ಆರ್ಗುಲಸ್. ಚಳಿಯಲ್ಲಿ ಗಾಯ ಮಾಂಸದವರೆಗೆ ಕೊರೆದು ಹುಣ್ಣಾದರೆ ಮಾತ್ರ 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಹುಣ್ಣುರೋಗವನ್ನು ಶಂಕಿಸಿ.

ಔಷಧ ಹಾಕುವ ಮೊದಲು ನೀರಿನ ಲೆಕ್ಕ. ಒಂದು ಹೊಂಡದ ಬಾಯಿ 30×30 ಮೀಟರ್, ಆಳ 3 ಮೀಟರ್, ಬದಿ ಇಳಿಜಾರು, ತಳ 24×24. ನೀರಿನ ಮೇಲ್ಮೈಯ ಉದ್ದಕ್ಕೆ ತಳದ ಉದ್ದ ಕೂಡಿಸಿ ಅರ್ಧ ಮಾಡಿ, ಅದನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ. ತುಂಬಿದ ಹೊಂಡದಲ್ಲಿ ಸುಮಾರು 2,187 ಘನಮೀಟರ್ ನೀರು. ಅದೇ ಹೊಂಡದಲ್ಲಿ ಒಂದೂವರೆ ಮೀಟರ್ ನಿಂತಿದ್ದರೆ ಮೇಲ್ಮೈ 27×27ಕ್ಕೆ ಇಳಿದು, ನೀರು 975 ಘನಮೀಟರ್ ಮಾತ್ರ. ಆಳ ಅರ್ಧವಾದರೆ ನೀರು ಅರ್ಧಕ್ಕಿಂತಲೂ ಕಡಿಮೆ! ಪೊಟ್ಯಾಸಿಯಂ ಪರ್ಮಾಂಗನೇಟ್ ಘನಮೀಟರಿಗೆ 2 ಗ್ರಾಂ, ಅಂದರೆ ಇಲ್ಲಿ 1 ಕಿಲೋ 950 ಗ್ರಾಂ. ನಮ್ಮವರು 30×30×3 ಎಂದು ಗುಣಿಸಿ 5 ಕಿಲೋ 400 ಗ್ರಾಂ ತರುತ್ತಾರೆ. ಎಷ್ಟು ಸಲ ಹೇಳಬೇಕು? ಹೊಂಡ ತೋಡಿದ ಅಳತೆಗಲ್ಲ, ಇವತ್ತು ನಿಂತಿರುವ ನೀರಿಗೆ ಔಷಧ. ಆಳ ನೋಡಲು ಹಗ್ಗಕ್ಕೆ ಕಲ್ಲು ಕಟ್ಟಬೇಡಿ, ತಳಕ್ಕೆ ಹಾಸಿದ ತಾಡಪತ್ರಿ ಹರಿದೀತು; ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿ ಸಾಕು.

ಪರ್ಮಾಂಗನೇಟನ್ನು ಬಕೆಟ್‌ನಲ್ಲಿ ಪೂರ್ತಿ ಕರಗಿಸಿ, ಬಿಸಿಲೇರಿದ ಮೇಲೆ ಬೆಳಿಗ್ಗೆಯೇ ಎರಚಿ. ಸಂಜೆ ಬೇಡ, ರಾತ್ರಿ ಆಮ್ಲಜನಕ ಕುಸಿಯುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಔಷಧ ಮುಟ್ಟಲೇಬೇಡಿ. ಪಂಪ್ ಹಚ್ಚಿ ನೀರು ಚಿಮ್ಮಿಸಿ, ಮೇವು ನಿಲ್ಲಿಸಿ. ಪರ್ಮಾಂಗನೇಟನ್ನು ಫಾರ್ಮಾಲಿನ್ ಜೊತೆ ಎಂದೂ ಬೆರೆಸಬೇಡಿ. ಹುಣ್ಣುರೋಗವೇ ಆಗಿದ್ದರೆ ಭುವನೇಶ್ವರದ ಸಿಹಿನೀರು ಮೀನು ಸಂಸ್ಥೆಯ ಸಿಫ್ಯಾಕ್ಸ್ ಔಷಧ ಹಾಕಿ: 10,000 ಘನಮೀಟರಿಗೆ 1 ಲೀಟರ್, ನಮ್ಮ 975ಕ್ಕೆ 100 ಮಿಲಿಲೀಟರ್ ಸಾಕು.

ಗಾಯ ಕಂಡೊಡನೆ ಸುಣ್ಣ ಎರಚುವ ಮಾತು ಬೇರೆ. ಕಪ್ಪುಮಣ್ಣಿನ ಸೀಮೆಯ ನೀರಿನ ಪಿಎಚ್ ಎಷ್ಟೋ ಕಡೆ ಮೊದಲೇ 8 ದಾಟಿರುತ್ತದೆ; ಸುಣ್ಣ ಅದನ್ನು ಇನ್ನೂ ಏರಿಸುತ್ತದೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇ. 7ರಷ್ಟು, 9ಕ್ಕೇರಿದರೆ ಶೇ. 45ರಷ್ಟು. ಮಧ್ಯಾಹ್ನ ಮೂರಕ್ಕೆ ಪಿಎಚ್ ನೋಡದೆ ಸುಣ್ಣ ಎರಚುವುದು ಮೀನಿಗೆ ವಿಷ ಹಾಕಿದಂತೆ. ಪರೀಕ್ಷಾ ಕಿಟ್ ನೀವೇ ಕೊಳ್ಳಿ, ಸರ್ಕಾರಿ ಯೋಜನೆಯಲ್ಲಿ ಬಂದೀತೆಂದು ಕಾಯಬೇಡಿ.

ಮನೆಯ ಸಿಮೆಂಟ್ ತೊಟ್ಟಿಯ ಬಣ್ಣದ ಮೀನಿಗೆ, ಬಲೆಯ ಪೆಟ್ಟಾಗಿದ್ದರೆ, ಸಾವಿರ ಲೀಟರಿಗೆ 2 ಕಿಲೋ ಕಲ್ಲುಪ್ಪು ಕರಗಿಸಿ ಹಾಕಿ, ನಾಲ್ಕನೇ ಒಂದು ಭಾಗ ನೀರು ಬದಲಿಸಿ.

ಇಷ್ಟಾದರೂ ಹೊಂಡದಲ್ಲಿ ಸಾವು ನಿಲ್ಲದಿದ್ದರೆ ಉದಗೀರದ ಮೀನುಗಾರಿಕೆ ವಿಜ್ಞಾನ ಕಾಲೇಜಿಗೆ ಒಯ್ಯಿರಿ. ಬದುಕಿರುವ ರೋಗಿ ಮೀನು ಹೊಂಡದ ನೀರಿನಲ್ಲೇ ಇರಲಿ, ಬೇರೆ ಬಾಟಲಿಯಲ್ಲಿ ಒಂದು ಲೀಟರ್ ನೀರಿರಲಿ, ಏನೇನು ಎಷ್ಟೆಷ್ಟು ಹಾಕಿದ್ದೀರೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಸತ್ತು ಊದಿಕೊಂಡ ಮೀನು ತಂದರೆ ಯಾರೂ ಏನನ್ನೂ ಹೇಳಲಾರರು.